ಪರದೇಶದಲ್ಲಿ ತಾಯ್ನುಡಿ: ಅಮೇರಿಕದ ಜರ್ಮನ್ ಸಂಘಗಳ ಚರಿತ್ರೆ

ಹುಟ್ಟಿದ ದೇಶವನ್ನು ಬಿಟ್ಟು ದೂರದೇಶಕ್ಕೆ ಹೋಗಿ ನೆಲಸುವವರು ತಮ್ಮ ಸಂಗಡ ಕೊಂಡೊಯ್ಯುವ ಸೊತ್ತು ಎರಡು ವಿಧವಾಗಿರುತ್ತದೆ. ಬಟ್ಟೆಬರೆ, ಪಾತ್ರೆ, ಆಯುಧ, ಕುಟುಂಬದ ಸತ್ಯವೇದ ಮುಂತಾದವು ಪೆಟ್ಟಿಗೆಯಲ್ಲಿ ಹಿಡಿಯತಕ್ಕವು. ಆಡುವ ಮಾತು, ಹಾಡುವ ಹಾಡು, ಹಬ್ಬ ಮಾಡುವ ಕ್ರಮ, ಮಕ್ಕಳನ್ನು ಕರೆಯುವ ಮುದ್ದಿನ ಹೆಸರು ಮುಂತಾದವು ಪೆಟ್ಟಿಗೆಯಲ್ಲಿ ಹಿಡಿಯದವು. ಮೊದಲನೆಯವು ಸವೆದರೆ ಬೇರೆಯವನ್ನು ಕೊಂಡುಕೊಳ್ಳಬಹುದು. ಎರಡನೆಯವು ಒಂದು ತಲೆಮಾರಿನಲ್ಲಿ ಕೈಬಿಟ್ಟು ಹೋದರೆ ಮುಂದಿನ ತಲೆಮಾರಿಗೆ ಯಾವ ಅಂಗಡಿಯಲ್ಲಿಯೂ ದೊರೆಯುವುದಿಲ್ಲ.

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ಕಡಲಾಚೆಯ ದೇಶಗಳಲ್ಲಿ ಸಂಸಾರ ಹೂಡಿರುತ್ತಾರೆ. ಇನ್ನು ಕೆಲವರ ಮೊಮ್ಮಕ್ಕಳು ಅಲ್ಲಿಯೇ ಹುಟ್ಟಿ ಬೆಳೆಯುತ್ತಿದ್ದಾರೆ. ಆ ಮಕ್ಕಳಿಗೆ ಮನೆಯ ಮಾತು ಉಳಿಯುವುದೋ ಇಲ್ಲವೋ ಎಂಬ ಚಿಂತೆಯು ಅವರಿಗೂ ಇಲ್ಲಿರುವ ಅವರ ತಾಯ್ತಂದೆಗಳಿಗೂ ಉಂಟು. ಈ ಚಿಂತೆ ಹೊಸದಲ್ಲ. ನಮಗಿಂತ ಮುನ್ನೂರು ವರ್ಷಗಳ ಹಿಂದಿನಿಂದಲೇ ಅದನ್ನು ಹೊತ್ತು, ಅದರ ಪರಿಹಾರಕ್ಕಾಗಿ ಸಾವಿರಾರು ಸಂಘಗಳನ್ನು ಕಟ್ಟಿದ ಒಂದು ಜನಾಂಗವಿದೆ. ಅವರೇ ಅಮೇರಿಕದ ಸಂಯುಕ್ತ ಸಂಸ್ಥಾನಗಳಿಗೆ ಹೋಗಿ ನೆಲಸಿದ ಜರ್ಮನರು. ಅವರ ಸಂಘಗಳು ಏನನ್ನು ಉಳಿಸಿದವು, ಏನನ್ನು ಉಳಿಸಲಾರದೆ ಹೋದವು, ಅದಕ್ಕೆ ಕಾರಣಗಳೇನು ಎಂಬುದನ್ನು ತಿಳಿಯುವುದು ನಮಗೂ ಹಿತಕರವೆಂದು ಭಾವಿಸಿ ಈ ಲೇಖನವನ್ನು ಬರೆದಿರುತ್ತೇನೆ.

ಮೊದಲು ಇಂದಿನ ಸ್ಥಿತಿಯನ್ನು ಎರಡು ಸಂಖ್ಯೆಗಳಿಂದ ತಿಳಿಸುವೆನು. ೨೦೨೦ನೆಯ ಇಸವಿಯ ಜನಗಣತಿಯಲ್ಲಿ ತಾವು ಜರ್ಮನ್ ವಂಶಕ್ಕೆ ಸೇರಿದವರೆಂದು ಬರೆಯಿಸಿದ ಅಮೇರಿಕನರು ೪ ಕೋಟಿಗೂ ಹೆಚ್ಚು. ಆದರೆ ಮನೆಯಲ್ಲಿ ಜರ್ಮನ್ ಭಾಷೆಯನ್ನಾಡುವವರು ಸುಮಾರು ೯ ಅಥವಾ ೧೦ ಲಕ್ಷ ಮಾತ್ರ. ಅಂದರೆ ವಂಶದ ನೆನಪು ನಿಂತಿದೆ. ಮಾತು ಬಹುಮಟ್ಟಿಗೆ ಹೋಗಿದೆ. ಒಂದು ಕಾಲದಲ್ಲಿ ಶಾಲೆ, ಪತ್ರಿಕೆ, ಪುಸ್ತಕಶಾಲೆ, ನಾಟಕಮಂದಿರ, ಗಾಯನಸಂಘ ಇವೆಲ್ಲವನ್ನೂ ತಮ್ಮ ಭಾಷೆಯಲ್ಲಿಯೇ ನಡೆಸಿದ ಜನರಿಗೆ ಹೀಗಾಯಿತೆಂಬುದೇ ನಾವು ವಿಚಾರಿಸಬೇಕಾದ ಸಂಗತಿ.

೧೬೮೩ನೆಯ ಇಸವಿ ಅಕ್ಟೋಬರ್ ತಿಂಗಳಲ್ಲಿ ಕ್ರೇಫೆಲ್ಡ್ ಎಂಬ ಊರಿನ ೧೩ ಕುಟುಂಬಗಳು ‘ಕಾಂಕರ್ಡ್’ ಎಂಬ ಹಡಗಿನಲ್ಲಿ ಫಿಲಡೆಲ್ಫಿಯ ಪಟ್ಟಣಕ್ಕೆ ಬಂದಿಳಿದವು. ಅವರಿಗಿಂತ ಸ್ವಲ್ಪ ಮುಂಚಿತವಾಗಿ ಬಂದಿದ್ದ ಫ್ರಾನ್ಸ್ ಡಾನಿಯೆಲ್ ಪಾಸ್ಟೋರಿಯುಸ್ ಎಂಬ ವಿದ್ವಾಂಸನು ಅವರ ಮುಂದಾಳಾಗಿ, ಪಟ್ಟಣಕ್ಕೆ ಸಮೀಪದಲ್ಲಿ ಜರ್ಮನ್‌ಟೌನ್ ಎಂಬ ಊರನ್ನು ಕಟ್ಟಿಸಿದನು. ಅವರ ಹಿಂದೆ ಬಂದವರ ಪ್ರವಾಹವು ಇನ್ನೂರು ವರ್ಷ ಹರಿಯುತ್ತಲೇ ಇದ್ದಿತು. ಬೆಳೆಗೇಡು, ಯುದ್ಧ, ಮತದ ನಿರ್ಬಂಧ, ಹಿಡುವಳಿಯ ಕೊರತೆ, ೧೮೪೮ರ ರಾಜಕೀಯ ಕ್ರಾಂತಿಯ ಸೋಲು ಹೀಗೆ ಒಂದೊಂದು ಕಾಲಕ್ಕೆ ಒಂದೊಂದು ಕಾರಣ. ೧೮೮೨ನೆಯ ಒಂದೇ ವರ್ಷದಲ್ಲಿ ಸುಮಾರು ೨,೫೦,೦೦೦ ಮಂದಿ ಜರ್ಮನರು ಅಮೇರಿಕಕ್ಕೆ ಬಂದರೆಂದರೆ ಆ ಪ್ರವಾಹದ ಬಲವನ್ನು ಊಹಿಸಿಕೊಳ್ಳಬಹುದು.

ಅವರ ಸಂಘಗಳಲ್ಲಿ ಅತ್ಯಂತ ಹಳೆಯದು ಭಾಷೆಗಾಗಿ ಹುಟ್ಟಿದುದಲ್ಲ, ಕರುಣೆಯಿಂದ ಹುಟ್ಟಿದುದು. ಹದಿನೆಂಟನೆಯ ಶತಮಾನದಲ್ಲಿ ಹಡಗಿನ ಬಾಡಿಗೆ ಕೊಡಲು ಹಣವಿಲ್ಲದ ಬಡವರು, ಅಮೇರಿಕವನ್ನು ತಲಪಿದ ಬಳಿಕ ದುಡಿದು ತೀರಿಸುವೆವೆಂಬ ಒಡಂಬಡಿಕೆಯ ಮೇಲೆ ಪ್ರಯಾಣ ಮಾಡುತ್ತಿದ್ದರು. ಹಡಗು ಬಂದರಿಗೆ ಬಂದೊಡನೆ ಅಲ್ಲಿಯ ಧಣಿಗಳು ಬಂದು, ಬಾಡಿಗೆಯ ಹಣವನ್ನು ಕಪ್ತಾನನಿಗೆ ಕೊಟ್ಟು, ಅವರನ್ನು ಕೆಲವು ವರ್ಷಗಳ ಜೀತಕ್ಕೆ ಕೊಂಡೊಯ್ಯುವರು. ಗಂಡ ಒಬ್ಬ ಧಣಿಗೆ, ಹೆಂಡತಿ ಇನ್ನೊಬ್ಬನಿಗೆ, ಮಕ್ಕಳು ಮತ್ತೊಬ್ಬನಿಗೆ ಹಂಚಿಹೋಗುವುದೂ ಉಂಟು. ಹಡಗುಗಳಲ್ಲಿ ಇಕ್ಕಟ್ಟಿನಿಂದಲೂ ಕೆಟ್ಟ ಆಹಾರದಿಂದಲೂ ಅನೇಕರು ದಾರಿಯಲ್ಲಿಯೇ ಸತ್ತರು. ಈ ದುಃಖವನ್ನು ಕಂಡ ಫಿಲಡೆಲ್ಫಿಯದ ಸ್ಥಿತಿವಂತ ಜರ್ಮನರು ೧೭೬೪ನೆಯ ಇಸವಿ ಡಿಸೆಂಬರ್ ೨೬ರಂದು ಒಂದು ಲುಥರನ್ ಶಾಲಾಗೃಹದಲ್ಲಿ ಕೂಡಿ ‘ಪೆನ್ಸಿಲ್ವೇನಿಯದ ಜರ್ಮನ್ ಸಂಘ’ವನ್ನು ಸ್ಥಾಪಿಸಿದರು. ಮರುವರ್ಷವೇ, ಪ್ರಯಾಣಿಕರ ರಕ್ಷಣೆಗಾಗಿ ಒಂದು ಕಾನೂನು ಅವರ ಪ್ರಯತ್ನದಿಂದ ಆಯಿತು. ಇಂಗ್ಲಿಷ್ ಬಾರದ ಬಡವನಿಗೆ ಅವನ ಮಾತಿನಲ್ಲಿಯೇ ನ್ಯಾಯವನ್ನು ತಿಳಿಸಿಹೇಳುವವರು ಬೇಕಾಗಿದ್ದರು. ಆ ಕೆಲಸವನ್ನು ಸಂಘವು ಮಾಡಿತು. ೧೮೧೭ರಲ್ಲಿ ಅದು ಒಂದು ಪುಸ್ತಕಶಾಲೆಯನ್ನೂ ತೆರೆಯಿತು. ಈ ಸಂಘವೂ ಅದರ ಪುಸ್ತಕಶಾಲೆಯೂ ಇಂದಿಗೂ ಇವೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಸಂಘಗಳು ಬೇರೆ ಬೇರೆ ಉದ್ದೇಶಗಳಿಂದ ಬೆಳೆದವು. ಸಂಘಕ್ಕೆ ಜರ್ಮನ್ ಭಾಷೆಯಲ್ಲಿ ‘ಫೆರಾಯಿನ್’ ಎಂದು ಹೆಸರು. ೧೮೩೫ರಲ್ಲಿ ಫಿಲಡೆಲ್ಫಿಯದಲ್ಲಿ ಗಂಡಸರ ಗಾಯನಸಂಘವೊಂದು ಸ್ಥಾಪಿತವಾಯಿತು. ಮುಂದಿನ ವರ್ಷ ಬಾಲ್ಟಿಮೋರಿನಲ್ಲಿ ಮತ್ತೊಂದು. ೧೮೪೯ರಲ್ಲಿ ಅನೇಕ ಊರುಗಳ ಗಾಯನಸಂಘದವರು ಸಿನ್ಸಿನಾಟಿ ಪಟ್ಟಣದಲ್ಲಿ ಒಟ್ಟುಗೂಡಿ ಗಾಯನೋತ್ಸವವನ್ನು ನಡೆಸಿದರು. ಇನ್ನೊಂದು ವಿಧವಾದ ಸಂಘವು ಅಂಗಸಾಧನೆಯದು. ಫ್ರೀಡ್ರಿಖ್ ಲುಡ್ವಿಗ್ ಯಾನ್ ಎಂಬಾತನು ೧೮೧೧ರಲ್ಲಿ ಬರ್ಲಿನ್ ನಗರದ ಹತ್ತಿರ ಬಯಲಿನಲ್ಲಿ ಯುವಕರಿಗೆ ವ್ಯಾಯಾಮವನ್ನು ಕಲಿಸತೊಡಗಿದನು. ಆ ಪದ್ಧತಿಯನ್ನು ಅನುಸರಿಸುವವರಿಗೆ ‘ಟುರ್ನರ್’ ಎಂದು ಹೆಸರಾಯಿತು. ೧೮೪೮ರಲ್ಲಿ ಸಿನ್ಸಿನಾಟಿಯಲ್ಲಿ ಅವರ ಸಂಘವು ಪ್ರಾರಂಭವಾಗಿ, ಬೇಗನೆ ಇತರ ಪಟ್ಟಣಗಳಿಗೂ ಹರಡಿತು. ಅಮೇರಿಕದ ಶಾಲೆಗಳಲ್ಲಿ ಅಂಗಸಾಧನೆಯು ಪಾಠಕ್ರಮದ ಒಂದು ಭಾಗವಾಗುವುದಕ್ಕೆ ಈ ಟುರ್ನರುಗಳು ಬಹಳವಾಗಿ ಶ್ರಮಿಸಿದರು.

ಇಂಥ ಸಂಘಗಳು ನಡೆಯುತ್ತಿದ್ದ ಕ್ರಮವನ್ನು ಸ್ವಲ್ಪ ತಿಳಿಸುವುದು ಅವಶ್ಯ. ಸದಸ್ಯರು ತಿಂಗಳು ತಿಂಗಳು ಚಂದಾ ಕೊಡುತ್ತಿದ್ದರು. ಅದರಿಂದ ಒಂದು ಸಂಘಭವನವನ್ನು ಕಟ್ಟಿ, ಅದರಲ್ಲಿ ಸಭೆ ಕೂಡುವ ಮಂದಿರ, ನಾಟಕದ ವೇದಿಕೆ, ವ್ಯಾಯಾಮಶಾಲೆ, ಪುಸ್ತಕಗಳ ಕೊಠಡಿ ಮುಂತಾದವುಗಳಿಗೆ ಏರ್ಪಾಡು ಮಾಡುತ್ತಿದ್ದರು. ಅನೇಕ ಸಂಘಗಳಲ್ಲಿ ರೋಗಿಗಳ ಸಹಾಯಕ್ಕೂ ಸತ್ತವರ ಉತ್ತರಕ್ರಿಯೆಗೂ ನಿಧಿ ಇರುತ್ತಿದ್ದಿತು. ಸ್ತ್ರೀಯರು ತಮ್ಮದೇ ಶಾಖೆಯನ್ನು ಮಾಡಿಕೊಂಡು, ಹಬ್ಬದ ಅಡಿಗೆ, ಬಡವರಿಗೆ ಬಟ್ಟೆ, ಮಕ್ಕಳ ಪಾಠ ಮುಂತಾದ ಕೆಲಸಗಳನ್ನು ವಹಿಸಿಕೊಂಡರು. ಹೊಸದಾಗಿ ಬಂದ ಯುವಕನಿಗೆ ಕೆಲಸ, ಯುವತಿಗೆ ಮರ್ಯಾದೆಯುಳ್ಳ ಮನೆಯ ಆಶ್ರಯ, ಮುದುಕನಿಗೆ ಊರಿನ ಸುದ್ದಿ ಇವೆಲ್ಲವೂ ಆ ಭವನದಲ್ಲಿಯೇ ದೊರೆಯುತ್ತಿದ್ದವು. ಭಾಷೆಯನ್ನು ಯಾರೂ ಪ್ರತ್ಯೇಕವಾಗಿ ಕಾಪಾಡಬೇಕಾಗಿರಲಿಲ್ಲ. ಅಲ್ಲಿಯ ಕೆಲಸವೆಲ್ಲವೂ ಆ ಭಾಷೆಯಲ್ಲಿ ನಡೆಯುತ್ತಿದ್ದುದರಿಂದ ಅದು ತಾನಾಗಿಯೇ ಉಳಿಯುತ್ತಿದ್ದಿತು. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು.

ಆದರೆ ಎಲ್ಲಾ ಜರ್ಮನರೂ ಒಂದೇ ಮನಸ್ಸಿನವರಾಗಿರಲಿಲ್ಲ. ‘ದೇವಾಲಯದ ಜರ್ಮನರು’, ‘ಸಂಘದ ಜರ್ಮನರು’ ಎಂದು ಅವರಲ್ಲಿ ಎರಡು ಪಂಗಡಗಳನ್ನು ಹೇಳುವ ವಾಡಿಕೆಯಿತ್ತು. ಲುಥರನ್ ಮತ್ತು ಕಥೊಲಿಕ್ ಸಭೆಗಳವರಿಗೆ ದೇವಾಲಯವೂ ಅದರ ಶಾಲೆಯೂ ಜೀವನದ ಕೇಂದ್ರವಾಗಿದ್ದವು. ಸಂಘದವರಲ್ಲಿ ಅನೇಕರು ೧೮೪೮ರ ಕ್ರಾಂತಿಯಲ್ಲಿ ಸೋತು ಬಂದ ಸ್ವತಂತ್ರವಿಚಾರದವರು; ಅವರಿಗೆ ಪಾದ್ರಿಗಳ ಮೇಲೆ ವಿಶ್ವಾಸವಿರಲಿಲ್ಲ. ಭಾನುವಾರ ಮಧ್ಯಾಹ್ನ ವಾದ್ಯ, ಬೀರು, ನರ್ತನಗಳೊಡನೆ ಕಾಲ ಕಳೆಯುವ ಸಂಘದವರನ್ನು ಸಭೆಯವರು ಆಕ್ಷೇಪಿಸುವರು. ಸಂಘದವರು ಇವರನ್ನು ಹಾಸ್ಯಮಾಡುವರು. ಹೀಗಿದ್ದರೂ ಮಕ್ಕಳಿಗೆ ಜರ್ಮನ್ ಭಾಷೆ ಬೇಕೆಂಬ ವಿಷಯದಲ್ಲಿ ಎರಡು ಪಂಗಡಗಳೂ ಒಂದಾಗುತ್ತಿದ್ದವು. ೧೮೮೯ರಲ್ಲಿ ವಿಸ್ಕಾನ್ಸಿನ್ ಸಂಸ್ಥಾನವು ಶಾಲೆಗಳಲ್ಲಿ ಮುಖ್ಯ ವಿಷಯಗಳನ್ನು ಇಂಗ್ಲಿಷಿನಲ್ಲಿಯೇ ಕಲಿಸಬೇಕೆಂದು ವಿಧಿಸಿದಾಗ, ಇವರೆಲ್ಲರೂ ಸೇರಿ ಮತ ಹಾಕಿ ಮರುವರ್ಷ ಅಲ್ಲಿಯ ಗವರ್ನರನನ್ನು ಸೋಲಿಸಿದರು. ೧೮೯೧ರಲ್ಲಿ ಆ ಕಾನೂನು ರದ್ದಾಯಿತು.

ಜರ್ಮನ್ ಸ್ತ್ರೀಯರು ಅಮೇರಿಕಕ್ಕೆ ಮಾಡಿದ ಎರಡು ಉಪಕಾರಗಳನ್ನು ಹೆಣ್ಣುಮಕ್ಕಳ ಶಾಲೆಯ ಈ ಸಂಚಿಕೆಯಲ್ಲಿ ಹೇಳದಿರಲಾರೆನು. ಚಿಕ್ಕ ಮಕ್ಕಳಿಗೆ ಆಟ, ಹಾಡು, ಕೈಕೆಲಸಗಳ ಮೂಲಕ ಪಾಠ ಕಲಿಸುವ ಕಿಂಡರ್‌ಗಾರ್ಟನ್ ಪದ್ಧತಿಯನ್ನು ಏರ್ಪಡಿಸಿದವನು ಫ್ರೋಬೆಲ್ ಎಂಬ ಜರ್ಮನ್ ಶಿಕ್ಷಣತಜ್ಞನು. ಅದನ್ನು ಅಮೇರಿಕಕ್ಕೆ ತಂದವಳು ಮಾರ್ಗರೇಟ್ ಶುರ್ಜ್. ಈಕೆ ೧೮೫೬ರಲ್ಲಿ ವಿಸ್ಕಾನ್ಸಿನ್ ಸಂಸ್ಥಾನದ ವಾಟರ್‌ಟೌನ್ ಎಂಬಲ್ಲಿ ತನ್ನ ಮಗಳನ್ನೂ ಬಂಧುಗಳ ಮಕ್ಕಳನ್ನೂ ಕೂಡಿಸಿಕೊಂಡು, ಜರ್ಮನ್ ಭಾಷೆಯಲ್ಲಿ ಆ ದೇಶದ ಮೊದಲನೆಯ ಕಿಂಡರ್‌ಗಾರ್ಟನನ್ನು ನಡೆಸಿದಳು. ಆಕೆಯಿಂದ ಇದನ್ನು ತಿಳಿದ ಎಲಿಜಬೆತ್ ಪೀಬಾಡಿ ಎಂಬ ಮಹಿಳೆಯು ೧೮೬೦ರಲ್ಲಿ ಬಾಸ್ಟನ್ ನಗರದಲ್ಲಿ ಇಂಗ್ಲಿಷ್ ಮಕ್ಕಳಿಗಾಗಿ ಅಂಥದೇ ಶಾಲೆಯನ್ನು ತೆರೆದಳು. ಇಂದು ನಮ್ಮ ಊರುಗಳಲ್ಲಿಯೂ ತಾಯಂದಿರು ‘ಕಿಂಡರ್‌ಗಾರ್ಟನ್’ ಎಂಬ ಜರ್ಮನ್ ಮಾತನ್ನು ಅದು ಜರ್ಮನೆಂದು ತಿಳಿಯದೆಯೇ ಆಡುತ್ತಾರೆ. ಎರಡನೆಯವಳು ಆನ್ನಾ ಒಟ್ಟೆನ್‌ಡೋರ್ಫರ್. ೧೮೩೪ರಲ್ಲಿ ಹುಟ್ಟಿದ ನ್ಯೂಯಾರ್ಕಿನ ‘ಷ್ಟಾಟ್ಸ್ ತ್ಸೈಟುಂಗ್’ ಎಂಬ ಪತ್ರಿಕೆಯನ್ನು, ತನ್ನ ಮೊದಲನೆಯ ಗಂಡನು ೧೮೫೨ರಲ್ಲಿ ತೀರಿಹೋದ ಬಳಿಕ, ಈಕೆ ತಾನೇ ನಿಂತು ನಡೆಸಿದಳು. ಈಕೆಯೂ ಈಕೆಯ ಎರಡನೆಯ ಗಂಡನೂ ಕೊಟ್ಟ ದಾನದಿಂದ ೧೮೮೪ರಲ್ಲಿ ನ್ಯೂಯಾರ್ಕಿನಲ್ಲಿ ಒಂದು ಪುಸ್ತಕಶಾಲೆ ತೆರೆಯಲ್ಪಟ್ಟಿತು. ಅದರ ಗ್ರಂಥಗಳಲ್ಲಿ ಸುಮಾರು ಅರ್ಧ ಜರ್ಮನ್, ಅರ್ಧ ಇಂಗ್ಲಿಷ್. ಎರಡು ಭಾಷೆಗಳೂ ಒಂದೇ ಕಪಾಟಿನಲ್ಲಿ ಜಗಳವಿಲ್ಲದೆ ಇರಬಲ್ಲವೆಂಬುದಕ್ಕೆ ಆ ಪುಸ್ತಕಶಾಲೆಯೇ ಸಾಕ್ಷಿ.

ಶಾಲೆಗಳ ವಿಷಯದಲ್ಲಿಯೂ ಇದೇ ನೀತಿ ಕೆಲವು ಕಡೆ ನಡೆಯಿತು. ೧೮೪೦ರಿಂದ ಸಿನ್ಸಿನಾಟಿಯ ಸರಕಾರಿ ಶಾಲೆಗಳಲ್ಲಿ ಜರ್ಮನ್ ಮತ್ತು ಇಂಗ್ಲಿಷ್ ಎರಡನ್ನೂ ಕಲಿಸುವ ಏರ್ಪಾಡಾಯಿತು. ಸೇಂಟ್ ಲೂಯಿ ಪಟ್ಟಣದಲ್ಲಿ ೧೮೬೪ರಿಂದ ೧೮೮೭ರ ವರೆಗೆ ಹೀಗೆಯೇ ನಡೆಯಿತು. ೧೮೭೮ರಲ್ಲಿ ಮಿಲ್ವಾಕಿ ಪಟ್ಟಣದಲ್ಲಿ ಇಂಥ ಶಾಲೆಗಳಿಗೆ ಉಪಾಧ್ಯಾಯರನ್ನು ತಯಾರಿಸುವ ಜರ್ಮನ್ ಟ್ರೇನಿಂಗ್ ಶಾಲೆಯೊಂದು ಪ್ರಾರಂಭವಾಯಿತು. ಆ ಶತಮಾನದ ಕೊನೆಯ ಭಾಗದಲ್ಲಿ ಅಮೇರಿಕದಲ್ಲಿ ಸುಮಾರು ೮೦೦ ಜರ್ಮನ್ ಪತ್ರಿಕೆಗಳು ಪ್ರಕಟವಾಗುತ್ತಿದ್ದವು. ಹೊರಗಿನಿಂದ ನೋಡುವವನಿಗೆ ಈ ಭಾಷೆಗೆ ಇನ್ನು ಭಯವಿಲ್ಲವೆಂದು ತೋರುತ್ತಿದ್ದಿತು.

ಆದರೂ ಒಳಗಡೆ ಸವೆತವು ಪ್ರಾರಂಭವಾಗಿದ್ದಿತು. ೧೮೯೦ರ ಬಳಿಕ ಜರ್ಮನಿಯಿಂದ ಬರುವವರ ಸಂಖ್ಯೆ ಬಹಳವಾಗಿ ತಗ್ಗಿತು. ಅಮೇರಿಕದಲ್ಲಿ ಹುಟ್ಟಿದ ಮಕ್ಕಳು ಬೀದಿಯಲ್ಲಿಯೂ ಕೆಲಸದಲ್ಲಿಯೂ ಇಂಗ್ಲಿಷನ್ನಾಡಿ, ಮನೆಗೆ ಬಂದು ಅಣ್ಣತಮ್ಮಂದಿರೊಡನೆ ಅದನ್ನೇ ಆಡತೊಡಗಿದರು. ತಾಯಿ ಜರ್ಮನಿನಲ್ಲಿ ಕೇಳಿದರೆ ಮಗನು ಇಂಗ್ಲಿಷಿನಲ್ಲಿ ಉತ್ತರ ಕೊಡುವನು. ತಂದೆಯು ಸಂಘಭವನದಲ್ಲಿ ತಾಯ್ನುಡಿಯ ಹಿರಿಮೆಯ ಮೇಲೆ ಭಾಷಣ ಮಾಡಿ ಮನೆಗೆ ಬಂದು, ಬೇಸರದಿಂದಲೋ ಅವಸರದಿಂದಲೋ, ಮಗನ ಭಾಷೆಯಲ್ಲಿಯೇ ಮಾತಾಡುವನು. ಹೀಗೆ ಸಂಘಗಳ ಸಂಖ್ಯೆ ಬೆಳೆಯುತ್ತಿರುವಾಗಲೇ ಮನೆಗಳಲ್ಲಿ ಭಾಷೆ ಕುಗ್ಗುತ್ತಿದ್ದಿತು. ೧೯೦೧ರಲ್ಲಿ ಎಲ್ಲಾ ಸಂಘಗಳನ್ನೂ ಕೂಡಿಸಿ ‘ರಾಷ್ಟ್ರೀಯ ಜರ್ಮನ್ ಅಮೇರಿಕನ್ ಮಹಾಸಂಘ’ವನ್ನು ಫಿಲಡೆಲ್ಫಿಯದ ಚಾರ್ಲ್ಸ್ ಹೆಕ್ಸಮರ್ ಎಂಬಾತನು ಕಟ್ಟಿದನು. ಆದರೆ ಮದ್ಯನಿಷೇಧವನ್ನು ವಿರೋಧಿಸುವ ಬೀರಿನ ಕಾರಖಾನೆಗಳ ಯಜಮಾನರಿಂದ ಈ ಮಹಾಸಂಘಕ್ಕೆ ಹಣ ಬರುತ್ತಿದ್ದುದರಿಂದ, ಭಾಷೆಯ ಕಾರ್ಯವು ವ್ಯಾಪಾರದ ಕಾರ್ಯದೊಡನೆ ಬೆರೆತುಹೋಯಿತು. ಜನರ ಸಂಶಯಕ್ಕೆ ಇದೂ ಒಂದು ಕಾರಣವಾಯಿತು.

೧೯೧೭ನೆಯ ಇಸವಿ ಏಪ್ರಿಲ್ ೬ರಂದು ಅಮೇರಿಕವು ಜರ್ಮನಿಯ ಮೇಲೆ ಯುದ್ಧವನ್ನು ಸಾರಿತು. ಅಲ್ಲಿಂದ ಮುಂದಿನ ಎರಡು ವರ್ಷಗಳಲ್ಲಿ ನಡೆದುದು ಓದುವುದಕ್ಕೆ ದುಃಖಕರ. ನಿನ್ನೆಯ ವರೆಗೆ ನೆರೆಹೊರೆಯವರಾಗಿದ್ದವರು ಶತ್ರುಗಳೆಂದು ಎಣಿಸಲ್ಪಟ್ಟರು. ಊರುಗಳ, ಬೀದಿಗಳ, ಬ್ಯಾಂಕುಗಳ ಹೆಸರುಗಳು ಬದಲಾದವು. ಜರ್ಮನ್ ರೀತಿಯ ಹುಳಿ ಎಲೆಕೋಸಿಗೂ ‘ಸ್ವಾತಂತ್ರ್ಯದ ಕೋಸು’ ಎಂದು ಹೆಸರಿಟ್ಟರು. ೧೯೧೮ರ ಏಪ್ರಿಲ್ ತಿಂಗಳಲ್ಲಿ ಇಲಿನಾಯ್ ಸಂಸ್ಥಾನದ ಕಾಲಿನ್ಸ್‌ವಿಲ್ ಎಂಬಲ್ಲಿ ರಾಬರ್ಟ್ ಪ್ರಾಗರ್ ಎಂಬ ಜರ್ಮನ್ ಕೂಲಿಗಾರನನ್ನು ಜನರ ಗುಂಪು ನೇಣುಹಾಕಿ ಕೊಂದಿತು. ಅದೇ ವರ್ಷ ಮೇ ೨೩ರಂದು ಅಯೋವ ಸಂಸ್ಥಾನದ ಗವರ್ನರನು ಶಾಲೆ, ದೇವಾಲಯ, ರೈಲುಗಾಡಿ, ಟೆಲಿಫೋನ್ ಎಲ್ಲೆಲ್ಲಿಯೂ ಇಂಗ್ಲಿಷನ್ನು ಮಾತ್ರ ಆಡಬೇಕೆಂದು ಪ್ರಕಟನೆ ಹೊರಡಿಸಿದನು. ಮಹಾಸಂಘವು ಅದೇ ವಸಂತಕಾಲದಲ್ಲಿ ತನ್ನನ್ನು ತಾನೇ ವಿಸರ್ಜಿಸಿಕೊಂಡಿತು. ೧೯೧೫ರಲ್ಲಿ ಅಮೇರಿಕದ ಹೈಸ್ಕೂಲು ವಿದ್ಯಾರ್ಥಿಗಳಲ್ಲಿ ನೂರಕ್ಕೆ ಸುಮಾರು ೨೪ ಮಂದಿ ಜರ್ಮನ್ ಕಲಿಯುತ್ತಿದ್ದರು. ೧೯೨೨ರಲ್ಲಿ ನೂರಕ್ಕೆ ಒಬ್ಬರೂ ಇರಲಿಲ್ಲ.

ಈ ಕತ್ತಲೆಯಲ್ಲಿ ಒಬ್ಬ ಉಪಾಧ್ಯಾಯನ ಸಂಗತಿಯು ದೀಪದಂತಿದೆ. ನೆಬ್ರಾಸ್ಕ ಸಂಸ್ಥಾನವು ೧೯೧೯ರಲ್ಲಿ, ಎಂಟನೆಯ ತರಗತಿ ಮುಗಿಯದ ಮಕ್ಕಳಿಗೆ ಯಾವ ಪರಭಾಷೆಯನ್ನೂ ಕಲಿಸಕೂಡದೆಂದು ಕಾನೂನು ಮಾಡಿತು. ಅಲ್ಲಿಯ ಒಂದು ಹಳ್ಳಿಯ ಲುಥರನ್ ಶಾಲೆಯ ಉಪಾಧ್ಯಾಯನಾದ ರಾಬರ್ಟ್ ಮೇಯರ್ ಎಂಬಾತನು ೧೯೨೦ನೆಯ ಇಸವಿ ಮೇ ೨೫ರಂದು, ಮಧ್ಯಾಹ್ನದ ವಿರಾಮದ ವೇಳೆಯಲ್ಲಿ, ಹತ್ತು ವರ್ಷದ ಬಾಲಕನಿಗೆ ಸತ್ಯವೇದದ ಕಥೆಗಳ ಜರ್ಮನ್ ಪುಸ್ತಕವನ್ನು ಓದಿಸುತ್ತಿದ್ದನು. ಅದೇ ಅಪರಾಧವಾಗಿ ಅವನಿಗೆ ೨೫ ಡಾಲರು ದಂಡ ವಿಧಿಸಲ್ಪಟ್ಟಿತು. ಇಂಗ್ಲಿಷ್ ಬಾರದ ತಾಯ್ತಂದೆಗಳೊಡನೆ ಮಕ್ಕಳು ಮನೆಯ ಪ್ರಾರ್ಥನೆಯಲ್ಲಿ ಸೇರಬೇಕಾದರೆ ಈ ಪಾಠ ಬೇಕೆಂಬುದು ಅವನ ಪಕ್ಷದವರ ವಾದ. ಮೊಕದ್ದಮೆಯು ದೇಶದ ಅತ್ಯುಚ್ಚ ನ್ಯಾಯಸ್ಥಾನದ ವರೆಗೆ ಹೋಯಿತು. ೧೯೨೩ರಲ್ಲಿ ಒಂಬತ್ತು ಮಂದಿ ನ್ಯಾಯಾಧಿಪತಿಗಳಲ್ಲಿ ಏಳು ಮಂದಿ ಅವನ ಪಕ್ಷವಾಗಿ ತೀರ್ಪು ಕೊಟ್ಟರು. ಉಪಾಧ್ಯಾಯನಿಗೆ ಕಲಿಸುವ ಹಕ್ಕೂ, ತಮ್ಮ ಮಕ್ಕಳಿಗೆ ಕಲಿಸೆಂದು ಅವನನ್ನು ನೇಮಿಸುವ ಹಕ್ಕು ತಾಯ್ತಂದೆಗಳಿಗೂ, ರಾಜ್ಯಾಂಗವು ಕೊಟ್ಟ ಸ್ವಾತಂತ್ರ್ಯಕ್ಕೆ ಸೇರಿದುದೆಂದು ಆ ತೀರ್ಪಿನ ಸಾರಾಂಶ. ಹಕ್ಕು ಹಿಂದಿರುಗಿ ಬಂದಿತು. ಆದರೆ ಅಷ್ಟರಲ್ಲಿ ಅನೇಕ ಮನೆಗಳವರು ಹೆದರಿ ಮಕ್ಕಳೆದುರಿಗೆ ತಮ್ಮ ಭಾಷೆಯನ್ನಾಡುವುದನ್ನೇ ನಿಲ್ಲಿಸಿದ್ದರು. ನ್ಯಾಯಸ್ಥಾನವು ಶಾಲೆಯ ಬಾಗಿಲನ್ನು ತೆರೆಯಬಲ್ಲದು. ಹೆದರಿ ಮುಚ್ಚಿಕೊಂಡ ಬಾಯಿಗಳನ್ನು ತೆರೆಯಲಾರದು.

ಇದೇ ಯುದ್ಧಕಾಲದ ಸಂಶಯವು ನಮ್ಮ ಕನ್ನಡ ನಾಡನ್ನೂ ಮುಟ್ಟಿತು. ೧೮೩೪ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನವರಲ್ಲಿ ಬಹುಮಂದಿ ಜರ್ಮನ್ ಭಾಷೆಯವರು. ೧೯೧೪ರಲ್ಲಿ ಯುದ್ಧ ಹತ್ತಿದಾಗ ಅವರಲ್ಲಿ ಹಲವರನ್ನು ಬ್ರಿಟಿಷ್ ಸರಕಾರವು ಬಂಧನದಲ್ಲಿಟ್ಟು, ಬಳಿಕ ಸ್ವದೇಶಕ್ಕೆ ಕಳುಹಿಸಿಬಿಟ್ಟಿತು. ಆದರೆ ಇಲ್ಲಿಗೆ ಬಂದ ಜರ್ಮನರು ಸಂಘ ಕಟ್ಟಿಕೊಂಡು ತಮ್ಮ ಭಾಷೆಯನ್ನು ಬೆಳೆಸಲಿಲ್ಲ; ನಮ್ಮ ಭಾಷೆಯನ್ನು ಕಲಿತರು. ಮೋಗ್ಲಿಂಗರು ೧೮೪೩ರಲ್ಲಿ ‘ಮಂಗಳೂರು ಸಮಾಚಾರ’ವನ್ನು ಹೊರಡಿಸಿದರು; ಕಿಟ್ಟೆಲರು ೧೮೯೪ರಲ್ಲಿ ತಮ್ಮ ಮಹಾನಿಘಂಟನ್ನು ಪ್ರಕಟಿಸಿದರು. ಪರದೇಶದಲ್ಲಿದ್ದು ಅಲ್ಲಿಯ ಭಾಷೆಯನ್ನು ಪ್ರೀತಿಸುವುದೂ ಸಾಧ್ಯವೆಂಬುದಕ್ಕೆ ಇವರಿಗಿಂತ ಬೇರೆ ದೃಷ್ಟಾಂತ ನಮಗೆ ಬೇಡ.

ಮತ್ತೆ ಅಮೇರಿಕದ ಕಥೆಗೆ ಬರೋಣ. ೧೯೩೦ರ ದಶಕದಲ್ಲಿ ಸಂಘದ ಹೆಸರಿಗೇ ಕಳಂಕ ತರುವ ಒಂದು ಕಾರ್ಯ ನಡೆಯಿತು. ಹಿಟ್ಲರನ ಪಕ್ಷವನ್ನು ಎತ್ತಿಹಿಡಿಯುವುದಕ್ಕಾಗಿ ೧೯೩೬ರಲ್ಲಿ ‘ಜರ್ಮನ್ ಅಮೇರಿಕನ್ ಬುಂಡ್’ ಎಂಬ ಕೂಟವು ಏರ್ಪಟ್ಟಿತು. ಅದು ೧೯೩೯ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಲ್ಲಿ ದೊಡ್ಡ ಸಭೆಯನ್ನೂ ಕೂಡಿಸಿತು. ಜರ್ಮನ್ ವಂಶದವರಲ್ಲಿ ಅತ್ಯಲ್ಪ ಭಾಗ ಮಾತ್ರ ಅದಕ್ಕೆ ಸೇರಿದರು. ೧೯೪೧ರಲ್ಲಿ ಅಮೇರಿಕವು ಯುದ್ಧಕ್ಕಿಳಿದಾಗ ಅದು ಮುರಿದುಬಿದ್ದಿತು. ಆದರೆ ಅದರ ಅಪಕೀರ್ತಿಯು ಎಲ್ಲಾ ಜರ್ಮನ್ ಸಂಘಗಳ ಮೇಲೂ ಬಹುಕಾಲ ನೆರಳು ಹಾಕಿತು. ತಾಯ್ನುಡಿಯ ಪ್ರೀತಿಯನ್ನು ಇತರರ ದ್ವೇಷಕ್ಕೆ ಆಯುಧವಾಗಿ ಮಾಡುವವರು ಮೊದಲು ಕೆಡಿಸುವುದು ಆ ತಾಯ್ನುಡಿಯನ್ನೇ.

ಎರಡನೆಯ ಮಹಾಯುದ್ಧದ ತರುವಾಯ ಉಳಿದ ಸಂಘಗಳು ಮೆಲ್ಲನೆ ತಲೆಯೆತ್ತಿದವು. ೧೯೫೭ರಲ್ಲಿ ನ್ಯೂಯಾರ್ಕಿನಲ್ಲಿ ಷ್ಟೊಯ್ಬೆನ್ ಎಂಬ ಸೇನಾಪತಿಯ ಸ್ಮರಣಾರ್ಥವಾಗಿ ವಾರ್ಷಿಕ ಮೆರವಣಿಗೆ ಪ್ರಾರಂಭವಾಯಿತು. ೧೯೮೩ರಲ್ಲಿ ಜರ್ಮನ್‌ಟೌನಿನ ಮುನ್ನೂರನೆಯ ವರ್ಷವನ್ನು ಆಚರಿಸಿದರು. ೧೯೮೭ರಲ್ಲಿ ಅಕ್ಟೋಬರ್ ೬ನೆಯ ತಾರೀಖನ್ನು ಜರ್ಮನ್ ಅಮೇರಿಕನರ ದಿನವೆಂದು ಅಧ್ಯಕ್ಷ ರೀಗನರು ಸಾರಿದರು. ಅನೇಕ ಪಟ್ಟಣಗಳಲ್ಲಿ ಸಂಘಗಳವರು ಶನಿವಾರದ ಶಾಲೆಗಳನ್ನು ನಡೆಸುತ್ತಾರೆ. ವಾರದಲ್ಲಿ ಒಂದು ಹೊತ್ತು ಮಕ್ಕಳು ಅಲ್ಲಿ ಕೂಡಿ ಜರ್ಮನ್ ಓದುಬರಹ, ಹಾಡು, ಆಟಗಳನ್ನು ಕಲಿಯುತ್ತಾರೆ. ಇವೆಲ್ಲವೂ ಒಳ್ಳೆಯ ಕೆಲಸಗಳೇ. ಆದರೆ ಹೆಚ್ಚು ಜನ ಕೂಡುವುದು ಅಕ್ಟೋಬರ್ ಹಬ್ಬದ ಮಾಂಸದಡಿಗೆಗೂ ಬೀರಿಗೂ ವಾದ್ಯಕ್ಕೂ ಎಂಬುದನ್ನು ಸಂಘದ ಹಿರಿಯರೇ ಬಲ್ಲರು. ಅಲ್ಲಿ ಉಡುಪು ಜರ್ಮನ್, ಅಡಿಗೆ ಜರ್ಮನ್, ಮಾತು ಮಾತ್ರ ಇಂಗ್ಲಿಷ್.

ಟೆಕ್ಸಸ್ ಸಂಸ್ಥಾನದ ನ್ಯೂ ಬ್ರೌನ್‌ಫೆಲ್ಸ್ ಎಂಬ ಊರಿನ ಸಂಗತಿಯು ಇದಕ್ಕೆ ತಕ್ಕ ಉದಾಹರಣೆ. ಜರ್ಮನರು ೧೮೪೫ರಲ್ಲಿ ಆ ಊರನ್ನು ಕಟ್ಟಿದರು. ೧೮೫೨ರಲ್ಲಿ ತಮ್ಮ ಭಾಷೆಯ ಪತ್ರಿಕೆಯನ್ನೂ ೧೮೫೩ರಲ್ಲಿ ಗಾಯನೋತ್ಸವವನ್ನೂ ಪ್ರಾರಂಭಿಸಿದರು. ಆ ಪತ್ರಿಕೆಯು ನೂರು ವರ್ಷಗಳ ಮೇಲೆ ನಡೆದು, ೧೯೫೭ರಲ್ಲಿ ಜರ್ಮನ್ ಭಾಷೆಯನ್ನು ಬಿಟ್ಟಿತು. ಆ ಸೀಮೆಯಲ್ಲಿ ಹುಟ್ಟಿ ಬೆಳೆದ ಟೆಕ್ಸಸ್ ಜರ್ಮನ್ ಎಂಬ ಆಡುಮಾತನ್ನು ಈಗ ಬಲ್ಲವರು ವೃದ್ಧರು ಮಾತ್ರ. ೨೦೦೧ರಿಂದ ಅಲ್ಲಿಯ ವಿಶ್ವವಿದ್ಯಾನಿಲಯದ ಪಂಡಿತರು ಆ ವೃದ್ಧರ ಮಾತನ್ನು ಯಂತ್ರದಲ್ಲಿ ಧ್ವನಿಮುದ್ರಿಸಿಡುತ್ತಿದ್ದಾರೆ. ಇದು ಸ್ತುತ್ಯವಾದ ಕೆಲಸ. ಆದರೆ ಯಂತ್ರದಲ್ಲಿ ಉಳಿದ ಮಾತಿಗೆ ಮರುಮಾತು ಕೊಡುವ ಮಕ್ಕಳಿಲ್ಲ.

ಇದಕ್ಕೆ ಪ್ರತಿಯಾಗಿ ಪೆನ್ಸಿಲ್ವೇನಿಯ, ಒಹಾಯೊ ಮುಂತಾದ ಸಂಸ್ಥಾನಗಳಲ್ಲಿ ವಾಸಿಸುವ ಆಮಿಷ್ ಎಂಬ ಪಂಗಡದವರನ್ನು ನೋಡಿರಿ. ಇವರು ಸರಳಜೀವನದ ವ್ರತವನ್ನು ಹಿಡಿದ ರೈತರು, ಕುದುರೆಗಾಡಿಯಲ್ಲಿ ಪ್ರಯಾಣಮಾಡುವವರು. ಇವರಿಗೆ ಭಾಷಾಸಂಘವಿಲ್ಲ, ಮೆರವಣಿಗೆಯಿಲ್ಲ, ಭಾಷಣವಿಲ್ಲ. ಇವರ ಶಾಲೆಗಳಲ್ಲಿ ಪಾಠವೂ ಮುಖ್ಯವಾಗಿ ಇಂಗ್ಲಿಷಿನಲ್ಲಿಯೇ ನಡೆಯುತ್ತದೆ. ಆದರೂ ಮೂರು ಲಕ್ಷಕ್ಕೂ ಮಿಕ್ಕಿದ ಈ ಜನರಲ್ಲಿ ಬಹುಮಂದಿ ಇಂದಿಗೂ ಪೆನ್ಸಿಲ್ವೇನಿಯ ಜರ್ಮನ್ ಎಂಬ ಆಡುಮಾತನ್ನೇ ಮನೆಯಲ್ಲಿ ಆಡುತ್ತಾರೆ. ಆರಾಧನೆಯಲ್ಲಿ ಹಳೆಯ ಜರ್ಮನ್ ಸತ್ಯವೇದವನ್ನೂ ಕೀರ್ತನೆಗಳನ್ನೂ ಉಪಯೋಗಿಸುತ್ತಾರೆ. ಇವರ ಸಂಖ್ಯೆ ಹೆಚ್ಚುತ್ತಲೂ ಇದೆ. ಕಾರಣವೇನೆಂದರೆ, ಹಾಲು ಕರೆಯುವುದು, ಹಿಟ್ಟು ನಾದುವುದು, ಮಗುವನ್ನು ಮಲಗಿಸುವುದು, ತಪ್ಪಿಗೆ ಗದರಿಸುವುದು, ದುಃಖದಲ್ಲಿ ಸಂತೈಸುವುದು ಎಲ್ಲವೂ ಅವರಲ್ಲಿ ಆ ಮಾತಿನಲ್ಲಿಯೇ ನಡೆಯುತ್ತವೆ. ಮಗುವಿಗೆ ಆ ಮಾತು ಒಂದು ಪಾಠವಲ್ಲ. ಅದಿಲ್ಲದೆ ಮನೆಯೊಳಗೆ ಬಾಳುವೆಯೇ ಸಾಗದು. ಆದರೆ ಅವರು ಲೋಕದಿಂದ ಬೇರೆಯಾಗಿರುವುದನ್ನೇ ವ್ರತವಾಗಿ ಮಾಡಿಕೊಂಡವರೆಂಬುದನ್ನು ಮರೆಯಬಾರದು. ಹೈಸ್ಕೂಲು, ಕಾಲೇಜುಗಳ ವಿದ್ಯೆಯನ್ನು ಬಯಸುವ ನಾವು ಆ ದಾರಿಯನ್ನು ಹಿಡಿಯುವುದಕ್ಕಾಗದು, ಹಿಡಿಯುವುದೂ ಬೇಡ. ಅವರಿಂದ ನಾವು ಕಲಿಯತಕ್ಕದ್ದು ಮನೆಯ ನ್ಯಾಯವೊಂದನ್ನೇ.

ಹಾಗಾದರೆ ಸಂಘಗಳಿಂದ ಪ್ರಯೋಜನವಿಲ್ಲವೋ ಎಂದು ಯಾರಾದರೂ ಕೇಳಬಹುದು. ಬಹಳ ಪ್ರಯೋಜನವುಂಟು. ೧೭೬೪ರ ಸಂಘವು ಮಾಡಿದಂತೆ ಹೊಸಬರಿಗೂ ಬಡವರಿಗೂ ಸಹಾಯ ಮಾಡುವುದು, ಪುಸ್ತಕಗಳನ್ನು ಕೂಡಿಡುವುದು, ಹಾಡುಗಳನ್ನು ಬಾಯಿಪಾಠದಲ್ಲಿಡುವುದು, ತಮ್ಮಂತೆಯೇ ಮಾತಾಡುವ ಬೇರೆ ಮಕ್ಕಳೂ ಈ ಊರಿನಲ್ಲಿದ್ದಾರೆಂದು ಮಗುವಿಗೆ ತೋರಿಸಿ ಅದರ ನಾಚಿಕೆಯನ್ನು ಹೋಗಲಾಡಿಸುವುದು, ಇವು ಸಂಘವು ಮಾತ್ರ ಮಾಡಬಲ್ಲ ಕೆಲಸಗಳು. ಒಂದು ಮನೆಯು ಒಂಟಿಯಾಗಿ ಇವನ್ನು ಮಾಡಲಾರದು. ಆದರೆ ಸಂಘವು ಮನೆಗೆ ಬೇಲಿಯಾಗಬಲ್ಲದೇ ಹೊರತು ಮನೆಯೊಳಗಿನ ಒಲೆಯಾಗಲಾರದು. ಸಂಘದ ಕೆಲಸಗಳಲ್ಲಿ ಸಹ ಹೆಚ್ಚು ಕಾಲ ನಿಂತವು, ಮಕ್ಕಳ ಕೈಗೂ ಬಾಯಿಗೂ ದಿನದಿನದ ಕೆಲಸ ಕೊಟ್ಟವುಗಳೇ. ಮಾರ್ಗರೇಟ್ ಶುರ್ಜಳ ಶಾಲೆಯು ಅಂಥದು.

ಕಡಲಾಚೆಯಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರು ಅಲ್ಲಿಯ ಕನ್ನಡ ಕೂಟಗಳಲ್ಲಿ ಸೇರಿ ಹಬ್ಬಗಳನ್ನು ನಡೆಸುತ್ತಾರೆ. ವಾರದ ಕೊನೆಯಲ್ಲಿ ಮಕ್ಕಳಿಗೆ ಅಕ್ಷರ ಕಲಿಸುವವರೂ ಅವರಲ್ಲಿದ್ದಾರೆ. ಅವರಿಗೆ ಜರ್ಮನರ ಚರಿತ್ರೆಯಿಂದ ಮೂರು ಮಾತುಗಳನ್ನು ವಿನಯದಿಂದ ಸೂಚಿಸುವೆನು. ಮೊದಲನೆಯದು, ನೀವು ವಾಸಿಸುವ ದೇಶದ ಭಾಷೆಯನ್ನು ಮಕ್ಕಳು ಚೆನ್ನಾಗಿ ಕಲಿಯಲಿ. ಒಂದನ್ನು ಉಳಿಸಲು ಇನ್ನೊಂದನ್ನು ಹಗೆ ಮಾಡಬೇಕಾಗಿಲ್ಲ. ಎರಡನೆಯದು, ಕೂಟವನ್ನು ಜಾತಿ, ಪಕ್ಷ, ವ್ಯಾಪಾರಗಳ ಕೆಲಸಕ್ಕೆ ಕೊಡಬೇಡಿರಿ. ಅವುಗಳ ಅಪಕೀರ್ತಿಯನ್ನು ಕಡೆಗೆ ಭಾಷೆಯೇ ಹೊರಬೇಕಾಗುವುದು. ಮೂರನೆಯದು, ಮಗು ಬೇರೆ ಭಾಷೆಯಲ್ಲಿ ಉತ್ತರ ಕೊಟ್ಟರೆ ಅದನ್ನು ಹಾಸ್ಯಮಾಡದೆ, ಗದರಿಸದೆ, ನೀವು ಮಾತ್ರ ನಿಮ್ಮ ಮಾತನ್ನು ಬಿಡದೆ ಕನ್ನಡದಲ್ಲಿಯೇ ಮುಂದುವರಿಸಿರಿ. ದಿನದಲ್ಲಿ ಒಂದು ಹೊತ್ತಿನ ಊಟವಾದರೂ, ಮಲಗುವ ಮುಂಚಿನ ಒಂದು ಕಥೆಯಾದರೂ ಆ ಮಾತಿಗೆ ಮೀಸಲಾಗಿರಲಿ.

ಇಲ್ಲಿಯೇ ಇರುವ ತಾಯ್ತಂದೆಗಳಿಗೂ ಒಂದು ಮಾತು. ಪರದೇಶಕ್ಕೆ ಹೋಗದೆಯೇ ಪರದೇಶದಲ್ಲಿರುವಂತೆ ಮಕ್ಕಳನ್ನು ಬೆಳೆಸುವ ಮನೆಗಳು ನಮ್ಮ ಊರುಗಳಲ್ಲಿ ಹೆಚ್ಚುತ್ತಿವೆ. ಮಿಲ್ವಾಕಿಯ ಮನೆಗಳಲ್ಲಿ ಮಗನು ಇಂಗ್ಲಿಷಿನಲ್ಲಿ ಕೊಟ್ಟ ಮೊದಲನೆಯ ಉತ್ತರಕ್ಕೆ ತಂದೆಯು ಹೆಮ್ಮೆಪಟ್ಟನು. ಅದರ ಬೆಲೆಯನ್ನು ಮೊಮ್ಮಗನು ಅಜ್ಜಿಯ ಕಾಗದವನ್ನು ಓದಲಾರದೆ ತೆತ್ತನು. ಅವನಿಗೆ ಆ ಕಾಗದವನ್ನು ಓದಿಹೇಳುವುದಕ್ಕೆ ಸಂಘದಲ್ಲಿ ಯಾರಾದರೂ ಸಿಕ್ಕಿರಬಹುದು. ಆದರೆ ಅಜ್ಜಿಯು ಬರೆದದ್ದು ಸಂಘಕ್ಕಲ್ಲ, ಅವನಿಗೆ.